ಹೆಬ್ಬೆರಳಿನ ಗುಳಿ

ನನ್ನ ಗಾಜಿನಲ್ಲಿ ತಪ್ಪು ಹುಡುಕಲು ಬಂದವರು ಇಪ್ಪತ್ತಾರು ವರ್ಷಗಳಲ್ಲಿ ಬಹಳ ಮಂದಿ. ಅವರಲ್ಲಿ ಯಾರೂ ಎರಡನೇ ಸಲ ನೆಲಮಾಳಿಗೆಯ ಮೆಟ್ಟಿಲು ಇಳಿದಿಲ್ಲ. ಸೋರುತ್ತದೆ ಅಂದವರ ಎದುರಿಗೇ ನೀರು ತುಂಬಿ ನೇತುಹಾಕಿ, ಅವರು ಊಟ ಮುಗಿಸಿ ಬರುವ ತನಕ ಕೆಳಗೆ ಒಣಗಿದ ಕಾಗದ ಹಾಸಿಟ್ಟು ತೋರಿಸಿ ಕಳಿಸಿದ್ದೇನೆ. ಕಾಗದ ಒದ್ದೆಯಾಗಿದ್ದರೆ ಕೆಲಸ ಬಿಡುತ್ತೇನೆ ಅಂತ ಪ್ರತಿ ಸಲ ಹೇಳುತ್ತಿದ್ದೆ. ಇನ್ನೂ ಕೆಲಸದಲ್ಲಿದ್ದೇನೆ.

ಈಗ ಹೇಳಹೊರಟಿರುವ ವಿಷಯದಲ್ಲಿ ಮಾತ್ರ ತಪ್ಪು ನನ್ನದೇ. ಅದನ್ನು ಯಾರೂ ಹುಡುಕಲಿಲ್ಲ. ನಾನೇ ಬಾಯಿಬಿಟ್ಟು ಹೇಳಬೇಕಾಯಿತು.

ನಾನು ಒಂದು ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಗಾಜು ಊದುವವನು. ಮೇಲಿನ ಮಹಡಿಗಳ ವಿಜ್ಞಾನಿಗಳಿಗೆ ಅಂಗಡಿಯಲ್ಲಿ ಸಿಗದ ಆಕಾರದ ಫ್ಲಾಸ್ಕು, ಕೊಳವೆ, ಸುರುಳಿ ಏನು ಬೇಕಾದರೂ ಬೆಂಕಿಯ ಮುಂದೆ ಕೂತು ಮಾಡಿಕೊಡುತ್ತೇನೆ. ಮೂರನೇ ಮಹಡಿಯಲ್ಲಿ ನನ್ನ ನಾದಿನಿ ಇದ್ದಾಳೆ, ನನ್ನ ಹೆಂಡತಿಯ ಒಬ್ಬಳೇ ತಂಗಿ. ಅವಳು ರಸಾಯನ ವಿಜ್ಞಾನಿ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಅವಳೂ ಅದೇ ಶಾಲೆಯ ಅದೇ ಬೆಂಚಿನಿಂದ ಹೊರಟವಳು, ಆದರೆ ಅವಳು ನಿಲ್ಲಲಿಲ್ಲ. ಬೇರೆಯವರ ಎದುರಿಗೆ ನಾನು ಅವಳನ್ನು ಮೇಡಂ ಅನ್ನುತ್ತೇನೆ. ಹಾಗೆ ಅಂದಾಗಲೆಲ್ಲ ಅವಳು ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಾಳೆ. ನಾನು ತಡೆದುಕೊಳ್ಳುವುದಿಲ್ಲ.

ಅವಳ ಕೆಲಸ ಚಿನ್ನದ ಮೇಲೆ. ಚಿನ್ನ ಅಂದ ಕೂಡಲೇ ನೆಂಟರಿಷ್ಟರ ಕಣ್ಣು ಅಗಲವಾಗುತ್ತಿತ್ತು. ಒಂದು ದಿನ ಅವಳು ಸಣ್ಣ ಬಾಟಲಿಯೊಂದನ್ನು ಮನೆಗೆ ತಂದು ನನ್ನ ಅತ್ತೆಯ ಕೈಗೆ ಕೊಟ್ಟು, ಇದೇ ನೋಡಮ್ಮ ನಾನು ಮಾಡಿದ ಚಿನ್ನ ಅಂದಳು. ಒಳಗೆ ದಾಳಿಂಬೆ ರಸದ ಹಾಗೆ ಕೆಂಪಗಿನ ನೀರು. ಅತ್ತೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ತಮ್ಮ ಕೈಬಳೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಬಹಳ ಮರುಕದಿಂದ, ನಿನಗೆ ಯಾರೋ ಮೋಸ ಮಾಡಿದ್ದಾರೆ ಮಗಳೇ, ಅಂದರು.

ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಕೂದಲೆಳೆಯ ಅಗಲದಲ್ಲಿ ಐದು ಸಾವಿರ ಕಣ ಸಾಲಾಗಿ ನಿಲ್ಲುವಷ್ಟು ಚಿನ್ನ ಸಣ್ಣದಾದರೆ ಅದರ ಬಣ್ಣ ಹಳದಿಯಲ್ಲ, ಕೆಂಪು. ಆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾದರೆ ನೀಲಿ. ಕುಡಿಯುವ ನೀರಿನಲ್ಲಿ ಸೀಸದ ವಿಷ ಒಂದಿಷ್ಟೇ ಇದ್ದರೂ ಅವಳ ಕಣಗಳು ಆ ಸೀಸವನ್ನು ಹಿಡಿದುಕೊಂಡು ಗುಂಪಾಗುತ್ತವೆ. ಕೆಂಪು ನೀರು ಕಣ್ಣೆದುರಿಗೇ ನೀಲಿಯಾಗುತ್ತದೆ. ಯಂತ್ರ ಬೇಡ, ವಿದ್ವಾಂಸ ಬೇಡ. ಕಣ್ಣಿದ್ದವರು ಯಾರೇ ಆದರೂ ತಮ್ಮ ಮನೆಯ ನಲ್ಲಿಯ ನೀರನ್ನು ತಾವೇ ಪರೀಕ್ಷೆ ಮಾಡಬಹುದು. ಇಂಥ ಕಣಗಳನ್ನು ಬೇರೆಯವರೂ ಮಾಡುತ್ತಾರೆ. ಆದರೆ ಅವರು ಕುದಿಸುತ್ತಾರೆ, ಕಾಯುತ್ತಾರೆ, ಖರ್ಚು ಹೆಚ್ಚು. ಅವಳು ಕುದಿಸುವುದಿಲ್ಲ. ಫ್ಲಾಸ್ಕಿನಲ್ಲಿ ತಣ್ಣಗೆ ಸುತ್ತುತ್ತಿರುವ ಚಿನ್ನದ ತಿಳಿಹಳದಿ ನೀರಿಗೆ ಇನ್ನೊಂದು ದ್ರಾವಣವನ್ನು ಒಂದೇ ಏಟಿಗೆ ಸುರಿಯುತ್ತಾಳೆ. ಮೂರು ಸೆಕೆಂಡು. ಹಳದಿ ಹೋಗಿ ಕೆಂಪು. ಒಂದೇ ಅಳತೆಯ ಕಣ, ಸಾಲಿನಲ್ಲಿ ನಿಲ್ಲಿಸಿದರೆ ಒಂದೂ ತಲೆ ಎತ್ತಿ ನಿಲ್ಲುವುದಿಲ್ಲ.

ಇದನ್ನು ಅವಳು ನಾಲ್ಕು ವರ್ಷದ ಹಿಂದೆ ಒಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಬರೆದಳು. ಎಷ್ಟು ನೀರು, ಎಷ್ಟು ಚಿನ್ನ, ಎಷ್ಟು ತಣ್ಣಗಿರಬೇಕು, ಎಷ್ಟು ವೇಗದಲ್ಲಿ ತಿರುಗಿಸಬೇಕು, ಎಲ್ಲ. ಓದಿ ಮಾಡಿನೋಡಿದ ಬೇರೆ ಎರಡು ಪ್ರಯೋಗಾಲಯದವರು ದೂರು ಬರೆದರು: ನಮಗೆ ಕೆಂಪು ಬರುತ್ತಿಲ್ಲ, ನೇರಳೆ ಬರುತ್ತಿದೆ, ಕಣಗಳು ಒಂದು ದೊಡ್ಡದು ಒಂದು ಸಣ್ಣದು. ಪತ್ರ ಹೋಯಿತು, ಉತ್ತರ ಬಂತು. ಕೊನೆಗೆ ಅವಳೇ ರೇಗಿ, ಪತ್ರಿಕೆಗೆ ನೇರವಾಗಿ ಬರೆದಳು. ನಿಮಗೆ ನಂಬಿಕೆಯಿರುವ ಒಬ್ಬರನ್ನು ಕಳಿಸಿ, ನನ್ನ ಮೇಜಿನ ಮೇಲೆ, ನಾನು ಬರೆದಿರುವಂತೆಯೇ, ತಮ್ಮ ಕೈಯಿಂದ ಮಾಡಲಿ. ಮೂರು ದಿನದಲ್ಲಿ ಅವರ ಕೈಯಲ್ಲಿ ಕೆಂಪು ಬರದಿದ್ದರೆ ಲೇಖನ ಹಿಂದಕ್ಕೆ ತೆಗೆದುಕೊಳ್ಳಿ. ಹಿಂದಕ್ಕೆ ತೆಗೆದುಕೊಳ್ಳುವುದು ಅಂದರೆ ಅವರ ಲೋಕದಲ್ಲಿ ಮುಖಕ್ಕೆ ಮಸಿ ಬಳಿದ ಹಾಗೆ. ಆಮೇಲೆ ಅವಳು ಹಗಲನ್ನು ಹಗಲು ಅಂದರೂ ಗಡಿಯಾರ ನೋಡಿಯೇ ನಂಬುತ್ತಾರೆ.

ನಮ್ಮ ಮನೆಯ ಹೆಣ್ಣುಮಕ್ಕಳೇ ಹಾಗೆ. ಸವಾಲು ಹಾಕಿದ ಮೇಲೆಯೇ ಅವರಿಗೆ ಊಟ ಸೇರುತ್ತದೆ.

ಬಂದವರು ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ವಿಜ್ಞಾನಿ. ಅವರ ಹೆಸರು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ನಾನು ಕೈಗವಸಿನವರು ಅಂತ ಕರೆದೆ. ಯಾಕೆಂದರೆ ಬಾಗಿಲಲ್ಲಿ ಕೈಗವಸು ಹಾಕಿಕೊಂಡ ಮೇಲೆ ಅವರು ಚಹಾ ಕುಡಿಯುವಾಗಲೂ ಬರಿಗೈಯಲ್ಲಿರಲಿಲ್ಲ, ಒಂದು ಜೊತೆ ತೆಗೆದು ಇನ್ನೊಂದು ಜೊತೆ ಹಾಕಿಕೊಂಡರು. ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಒಳಗೆ ಸ್ಪಂಜಿನ ಗೂಡುಗಳಲ್ಲಿ ಆರು ಫ್ಲಾಸ್ಕು. ಎಲ್ಲ ಕಾರ್ಖಾನೆಯವು, ಒಂದನ್ನು ನೋಡಿದರೆ ಉಳಿದ ಐದನ್ನೂ ನೋಡಿದಂತೆ.

ಸೋಮವಾರ ಅವರು ನಾದಿನಿಯ ಮೇಜಿನ ಮೇಲಿದ್ದ ನನ್ನ ಫ್ಲಾಸ್ಕನ್ನು ಎತ್ತಿ ತಿರುಗಿಸಿ ನೋಡಿ, ಇದು ನೆಗ್ಗಿದೆಯಲ್ಲ ಅಂದರಂತೆ. ಅವಳು, ಅದು ನೆಗ್ಗಿದ್ದಲ್ಲ, ಹೆಬ್ಬೆರಳಿಗೆ ಅಂತ ಮಾಡಿದ ಗುಳಿ, ಒದ್ದೆ ಕೈಯಲ್ಲಿ ಜಾರಬಾರದು ಅಂತ ನಮ್ಮ ಭಾವ ಮಾಡಿಕೊಟ್ಟದ್ದು, ಅಂದಳಂತೆ. ಅವರು ಹೂಂ ಅಂದು ಕೆಳಗಿಟ್ಟು, ಆ ಕೈಗವಸು ಬದಲಿಸಿದರಂತೆ.

ಸಂಜೆ ಅವಳು ಇದನ್ನು ಹೇಳಿದಾಗ ನನ್ನ ತಲೆ ಬಿಸಿಯಾಯಿತು. ಆ ಗುಳಿಯ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ.

ಒಂಬತ್ತು ವರ್ಷದ ಹಿಂದೆ ಅವಳು ಹೊಸದಾಗಿ ಕೆಲಸಕ್ಕೆ ಸೇರಿದ ವಾರ. ನಾನು ಯಾರಿಗೋ ಒಂದು ದುಂಡು ತಳದ ಫ್ಲಾಸ್ಕು ಊದುತ್ತಿದ್ದೆ. ಬುರುಡೆ, ಅಂದರೆ ಅದರ ದುಂಡು ಹೊಟ್ಟೆ, ಚೆನ್ನಾಗಿ ಬಂದಿತ್ತು, ಗಾಜು ಇನ್ನೂ ಜೇನಿನ ಹಾಗೆ ಮೆತ್ತಗಿತ್ತು. ಅಷ್ಟರಲ್ಲಿ ಉಗ್ರಾಣದ ಗುಮಾಸ್ತ ಬಾಗಿಲಲ್ಲಿ ನಿಂತು, ಆಮ್ಲಜನಕದ ಸಿಲಿಂಡರು ಮುಂದಿನ ವಾರ ಅಂದ. ಅದಕ್ಕೂ ಹಿಂದಿನ ವಾರ ಅವನು ಹೇಳಿದ್ದೂ ಅದನ್ನೇ. ನಾನು ಫ್ಲಾಸ್ಕು ಹಿಡಿದುಕೊಂಡೇ ಅವನ ಕಡೆ ತಿರುಗಿ, ಅವನ ಇಡೀ ವಂಶದ ಸೋಮಾರಿತನದ ಬಗ್ಗೆ ನನಗೆ ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಹೇಳಿದೆ. ಹೇಳಿ ಮುಗಿಸಿ ನೋಡಿದರೆ, ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದ ಗ್ರಾಫೈಟಿನ ಕಡ್ಡಿಗೆ ಬುರುಡೆ ಒತ್ತಿ, ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಗುಳಿ.

ಅದು ಕಸದ ಬುಟ್ಟಿಗೆ ಹೋಗಬೇಕಾದ ಮಾಲು. ಆಗಲೇ ನಾದಿನಿ ಬಂದಳು. ಹೊಸ ಪ್ರಯೋಗಾಲಯ, ಒಂದು ಬೀಕರೂ ಇಲ್ಲ, ಖರೀದಿಗೆ ಮೂರು ತಿಂಗಳು, ಏನಾದರೂ ಇದ್ದರೆ ಕೊಡಿ ಭಾವ ಅಂದಳು. ಕೊಟ್ಟೆ. ಈ ಗುಳಿ ಏನು ಅಂತ ಕೇಳಿದಳು. ಹೊಸ ವಿಜ್ಞಾನಿ, ಅದರಲ್ಲೂ ಹೆಂಡತಿಯ ತಂಗಿ. ಅವಳ ಮುಂದೆ ಕೈತಪ್ಪಿತು ಅನ್ನಲು ನನ್ನ ಬಾಯಿ ಬರಲಿಲ್ಲ. ಹೆಬ್ಬೆರಳು ಇಡೋಕೆ ಅಂದೆ. ಅವಳು ಹಿಡಿದು ನೋಡಿದಳು. ಹೆಬ್ಬೆರಳು ಸರಿಯಾಗಿ ಕೂತಿತು. ಎಷ್ಟು ಯೋಚನೆ ಮಾಡಿದ್ದೀರಿ ಭಾವ, ಅಂದಳು.

ಎರಡು ತಿಂಗಳಾದ ಮೇಲೆ ಹತ್ತು ಫ್ಲಾಸ್ಕು ಬೇಕು ಅಂತ ಚೀಟಿ ಬಂತು. ಕೆಳಗೆ ಅವಳ ಕೈಬರಹದಲ್ಲಿ: ಅದೇ ಥರ ಹೆಬ್ಬೆರಳಿನ ಜಾಗ ಇರಲಿ. ಏನು ಮಾಡುವುದು? ಒಳ್ಳೆಯ ಬುರುಡೆ ಊದಿ, ಬೇಕೆಂದೇ ಕಡ್ಡಿಗೆ ಒತ್ತಿ ಕೆಡಿಸಿದೆ. ಹತ್ತು ಸಲ. ಆಮೇಲೆ ಒಂಬತ್ತು ವರ್ಷ ಅವಳ ಪ್ರಯೋಗಾಲಯಕ್ಕೆ ಹೋದ ಪ್ರತಿಯೊಂದು ಫ್ಲಾಸ್ಕನ್ನೂ ನಾನು ಹಾಗೇ ಕೆಡಿಸಿ ಕಳಿಸಿದ್ದೇನೆ, ಪ್ರತಿ ಸಲವೂ ಆ ಗುಮಾಸ್ತನನ್ನು ಬೈದುಕೊಂಡು. ಅಳತೆ ಕೆಟ್ಟ ಒಂದು ಹೂಜಿಯನ್ನೂ ಅವಳ ಅಕ್ಕನಿಗೆ ಕೊಟ್ಟೆ. ಕೈ ಅಭ್ಯಾಸಕ್ಕೆ ಬಿದ್ದು ಅದಕ್ಕೂ ಗುಳಿ ಒತ್ತಿದ್ದೆ. ಊರಿಗೆಲ್ಲ ಒಳ್ಳೆಯದು, ನಮ್ಮ ಮನೆಗೆ ಸೊಟ್ಟದ್ದು, ಅಂತ ನನ್ನ ಹೆಂಡತಿ ಇವತ್ತಿಗೂ ಅದರಲ್ಲಿ ನಿಂಬೆರಸದ ನೀರು ಕಲಕುವಾಗ ಅನ್ನುತ್ತಾಳೆ.

ಸೋಮವಾರ ನಾದಿನಿಯ ಕೈಯಲ್ಲಿ, ನಾದಿನಿಯ ಫ್ಲಾಸ್ಕಿನಲ್ಲಿ, ಮೂರು ಸಲವೂ ಕೆಂಪು. ಕೈಗವಸಿನವರ ಕೈಯಲ್ಲಿ, ಅವರ ಫ್ಲಾಸ್ಕಿನಲ್ಲಿ, ಮೂರು ಸಲವೂ ನೇರಳೆ. ಮಂಗಳವಾರ ಒಬ್ಬರ ನೀರನ್ನು ಇನ್ನೊಬ್ಬರು ಬಳಸಿದರು. ಚಿನ್ನದ ದ್ರಾವಣ ಅದಲುಬದಲಾಯಿತು, ತಿರುಗಿಸುವ ಯಂತ್ರ ಅದಲುಬದಲಾಯಿತು, ಒಳಗೆ ಸುತ್ತುವ ಅಯಸ್ಕಾಂತದ ಕಡ್ಡಿಯೂ ಆಯಿತು. ಅವರದು ನೇರಳೆಯೇ. ಕೊನೆಗೆ ಅವಳು ತಾನೇ ಅವರ ಫ್ಲಾಸ್ಕಿನಲ್ಲಿ ಮಾಡಿದಳು. ಅವಳ ಕೈಯಲ್ಲೂ ನೇರಳೆ ಬಂತು.

ಅಲ್ಲಿಗೆ ಕೈಗವಸಿನವರಿಗೆ ಉತ್ತರ ಸಿಕ್ಕಿತು. ಅವರು ಕೆಟ್ಟ ಮನುಷ್ಯರಲ್ಲ, ಮೆತ್ತಗೇ ಹೇಳಿದರಂತೆ. ನಿಮ್ಮ ಫ್ಲಾಸ್ಕುಗಳು ಹಳೆಯವು. ಗಾಜಿನ ಗೀರುಗಳಲ್ಲಿ ಹಿಂದಿನ ಪ್ರಯೋಗಗಳ ಚಿನ್ನ ಸೇರಿಕೊಂಡಿದೆ. ಆ ಹಳೇ ಕಣಗಳೇ ಬೀಜವಾಗಿ ಹೊಸ ಕಣಗಳು ಅವುಗಳ ಸುತ್ತ ಸಮನಾಗಿ ಬೆಳೆಯುತ್ತವೆ. ಕೆಂಪು ಬರುವುದು ನಿಮ್ಮ ವಿಧಾನದಿಂದಲ್ಲ, ನಿಮ್ಮ ಕೊಳೆಯಿಂದ.

ಚಿನ್ನವನ್ನೂ ಕರಗಿಸುವ ಆಮ್ಲದಲ್ಲಿ ಅವಳು ಫ್ಲಾಸ್ಕನ್ನು ಅವರ ಎದುರಿಗೇ ತೊಳೆದಳು. ಮತ್ತೆ ಕೆಂಪೇ ಬಂತು. ಗೀರಿನ ಒಳಕ್ಕೆ ಆಮ್ಲ ಹೋಗಿರಲಾರದು, ಅಂದರು ಅವರು. ಹಾಗಾದರೆ ಯಾವತ್ತೂ ಚಿನ್ನ ಮುಟ್ಟದ ಹೊಸ ಫ್ಲಾಸ್ಕಿನಲ್ಲಿ ಮಾಡೋಣ, ಅಂದಳು ಇವಳು. ಅದಕ್ಕೆ ಅವರು ಒಪ್ಪಿದರು. ಬುಧವಾರ ಬೆಳಿಗ್ಗೆ, ಅದೇ ಕೊನೆ.

ಮಂಗಳವಾರ ಮಧ್ಯಾಹ್ನ ಅವಳು ನೆಲಮಾಳಿಗೆಗೆ ಇಳಿದು ಬಂದಳು. ಕಣ್ಣಿನ ಕೆಳಗೆ ಕಪ್ಪು, ಆದರೆ ಬೆನ್ನು ನೆಟ್ಟಗೆ.

"ಭಾವ, ಎರಡು ಹೊಸ ಫ್ಲಾಸ್ಕು ಬೇಕು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ."

ಆಯಿತು ಅಂದೆ. ನಿನ್ನ ಕೆಂಪು ಬರುತ್ತಾ ಅಂತ ಕೇಳಿದೆ. ಬರುತ್ತದೆ, ನಾನು ಕೊಳೆಯನ್ನು ನಂಬಿ ನಾಲ್ಕು ವರ್ಷ ಬದುಕಿದವಳಲ್ಲ, ಅಂದಳು. ಹೋಗುವಾಗ ಬಾಗಿಲಲ್ಲಿ ನಿಂತು, ಅವರು ನಿಮ್ಮ ಗಾಜಿಗೂ ಏನೋ ಅಂದರು, ಕಾರ್ಖಾನೆಯದೇ ವಾಸಿ ಅಂತ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅಂದಳು.

ಹಚ್ಚಿಕೊಂಡೆ. ಹಚ್ಚಿಕೊಳ್ಳದೆ ಇರುವವನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವಳು ಮೆಟ್ಟಿಲು ಹತ್ತಿದ ಮೇಲೆ ಒಂದು ಒಳ್ಳೆಯ ಗಾಜಿನ ಕೊಳವೆ ಆರಿಸಿದೆ. ಬೆಂಕಿಯ ಹಳದಿ ಕಣ್ಣಿಗೆ ಚುಚ್ಚದಿರಲು ಹಾಕುವ ಬಣ್ಣದ ಕನ್ನಡಕ ಹಾಕಿದೆ. ಬಾಗಿಲು ಹಾಕಿದೆ, ಗುಮಾಸ್ತ ಬಂದರೂ ತೆಗೆಯುವುದಿಲ್ಲ ಅಂದುಕೊಂಡು. ಎರಡು ಬುರುಡೆ ಊದಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಫ್ಲಾಸ್ಕುಗಳಿಗೆ ನಾನು ಕಡ್ಡಿ ತಾಗಿಸಲಿಲ್ಲ. ನೆಗ್ಗಿದ್ದು ಅಂದರಲ್ಲವೇ, ತಗೊಳ್ಳಿ, ನೆಗ್ಗದ್ದು. ಕಾರ್ಖಾನೆಯ ಯಂತ್ರವೂ ನೋಡಿ ನಾಚಬೇಕು, ಅಷ್ಟು ದುಂಡಗಿದ್ದವು. ಗಾಜಿನ ಒಳಗಿನ ಬಿಗಿ ಹೋಗಲಿ ಅಂತ ತಣಿಸುವ ಒಲೆಯಲ್ಲಿಟ್ಟು, ಸಿಳ್ಳೆ ಹಾಕಿಕೊಂಡು ಮನೆಗೆ ಹೋದೆ. ಏನು ಇವತ್ತು ಯಾರ ಜೊತೆಗೂ ಜಗಳ ಆಗಲಿಲ್ಲವಾ ಅಂತ ಹೆಂಡತಿ ಕೇಳಿದಳು. ನಾಳೆ ಒಬ್ಬರ ಮುಖ ನೋಡುವುದಿದೆ ಅಂದೆ.

ಬುಧವಾರ ಒಂಬತ್ತಕ್ಕೆ ಎರಡು ಫ್ಲಾಸ್ಕನ್ನೂ ನಾನೇ ಮೂರನೇ ಮಹಡಿಗೆ ತೆಗೆದುಕೊಂಡು ಹೋದೆ. ಅವರ ಮುಖ ನೋಡುವ ಆಸೆ ಇನ್ನೂ ಇತ್ತು. ಕೈಗವಸಿನವರು ಫ್ಲಾಸ್ಕನ್ನು ಎತ್ತಿ, ಬೆಳಕಿಗೆ ತಿರುಗಿಸಿ, ತುಂಬ ಚೆನ್ನಾಗಿದೆ ಅಂದರು. ನಾನು ಎದೆ ಸೆಟೆಸಿ ಕಿಟಕಿಯ ಪಕ್ಕ ನಿಂತೆ. ನಾದಿನಿ ಒಮ್ಮೆ ನನ್ನನ್ನು ನೋಡಿದಳು, ಗುಳಿ ಎಲ್ಲಿ ಅನ್ನುವ ಹಾಗೆ. ನಾನು ಹುಬ್ಬು ಹಾರಿಸಿದೆ. ಅವಳಿಗೆ ಅದು ಅಂಥ ದೊಡ್ಡ ವಿಷಯ ಅನ್ನಿಸಲಿಲ್ಲ. ಹಿಡಿಯಲು ಹೆಬ್ಬೆರಳಿಗೆ ಜಾಗ ಇಲ್ಲ, ಅಷ್ಟೇ ತಾನೇ?

ಅವರು ತೊಳೆದರು, ಅಳೆದರು, ಚಿನ್ನದ ನೀರು ಹಾಕಿದರು, ಯಂತ್ರ ಶುರು ಮಾಡಿದರು. ಎರಡನೇ ದ್ರಾವಣವನ್ನು ಒಂದೇ ಏಟಿಗೆ ಸುರಿದರು.

ನೇರಳೆ.

ಎರಡನೇ ಹೊಸ ಫ್ಲಾಸ್ಕಿನಲ್ಲಿ ನಾದಿನಿ ಮಾಡಿದಳು. ಅದೂ ನೇರಳೆ.

ಕೋಣೆಯಲ್ಲಿದ್ದ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೈಗವಸಿನವರು ಪೆನ್ನಿನ ಮುಚ್ಚಳ ತೆಗೆದು, ನನಗೆ ನಿಜವಾಗಿಯೂ ಬೇಸರವಾಗಿದೆ ಅಂದು, ಬರೆಯಲು ಕೂತರು. ಅವಳು ಅಳಲಿಲ್ಲ, ವಾದಿಸಲಿಲ್ಲ. ಬರೆದುಕೊಳ್ಳಿ, ಬಂದದ್ದು ಬಂದ ಹಾಗೇ ಬರೆಯಿರಿ, ಅಂದಳು. ಆಮೇಲೆ ಫ್ಲಾಸ್ಕನ್ನು ಚೆಲ್ಲಿ ತೊಳೆದು, ಬರೀ ನೀರು ತುಂಬಿಸಿ, ಮತ್ತೆ ಯಂತ್ರದ ಮೇಲಿಟ್ಟು ತಿರುಗಿಸುತ್ತ ಸುಮ್ಮನೆ ನೋಡುತ್ತ ನಿಂತಳು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು, ಅಷ್ಟೇ.

ನಾನೂ ನೋಡಿದೆ. ನೀರಿನ ನಡುವೆ ಒಂದು ಸುಳಿ. ಆಳವಾದ, ನುಣುಪಾದ, ಅಲುಗದ ಸುಳಿ, ಬಗರಿ ಒಂದೇ ಕಡೆ ನಿಂತು ತಿರುಗುವ ಹಾಗೆ. ನೀರೆಲ್ಲ ಒಟ್ಟಿಗೆ, ಒಂದೇ ಗಟ್ಟಿ ವಸ್ತುವಿನಂತೆ ಸುತ್ತುತ್ತಿತ್ತು. ಇಷ್ಟು ವರ್ಷ ಅವಳ ಪ್ರಯೋಗಾಲಯಕ್ಕೆ ಎಷ್ಟು ಸಲ ಬಂದಿದ್ದೇನೆ, ಇಂಥ ಸುಳಿ ನಾನು ಕಂಡಿರಲಿಲ್ಲ. ಅವಳ ಫ್ಲಾಸ್ಕಿನಲ್ಲಿ ನೀರು ಯಾವಾಗಲೂ ಕಿತ್ತಾಡುತ್ತಿತ್ತು, ಎಗರುತ್ತಿತ್ತು, ಗುಳಿಗೆ ಬಡಿದು ವಾಪಸು ಬರುತ್ತಿತ್ತು.

ಗುಳಿಗೆ ಬಡಿದು.

ಮೂರು ದಿನದಿಂದ ಇವರೆಲ್ಲ ಗಾಜಿಗೆ ಏನು ಅಂಟಿದೆ ಅಂತ ಹುಡುಕುತ್ತಿದ್ದಾರೆ. ಗಾಜು ಯಾವ ಆಕಾರದಲ್ಲಿದೆ ಅಂತ ಯಾರೂ ನೋಡಿಲ್ಲ. ನೋಡುವುದು ಹೇಗೆ? ಅದು ಹಿಡಿಯಲು ಮಾಡಿದ ಜಾಗ ಅಂತ ನಾನೇ ಹೇಳಿದ್ದೆನಲ್ಲ. ಚಮಚದ ಹಿಡಿ ಎಷ್ಟು ಚೆನ್ನಾಗಿದೆ ಅಂತ ಅಡುಗೆಯ ವಿಧಾನದಲ್ಲಿ ಯಾರು ಬರೆಯುತ್ತಾರೆ? ಅವಳು ದುಂಡು ತಳದ ಫ್ಲಾಸ್ಕು ಅಂತ ಬರೆದಳು. ಓದಿದವರೆಲ್ಲ ದುಂಡು ತಳದ ಫ್ಲಾಸ್ಕು ತಂದರು.

ಸುಮ್ಮನಿರಬಹುದಾಗಿತ್ತು. ಹೊರಗೆ ಕರೆದು ಅವಳೊಬ್ಬಳಿಗೇ ಹೇಳಬಹುದಾಗಿತ್ತು. ಕೈಗವಸಿನವರ ಪೆನ್ನು ಎರಡನೇ ಸಾಲಿಗೆ ಬಂದಿತ್ತು.

"ಮೇಡಂ, ಇದರಲ್ಲಿ ಗುಳಿ ಇಲ್ಲ," ಅಂದೆ.

"ಗೊತ್ತು ಭಾವ. ಈಗ ಅದನ್ನ ಕಟ್ಕೊಂಡು ಏನಾಗಬೇಕು? ಹಿಡಿಯೋಕೆ ಇಲ್ಲದಿದ್ರೂ ನಡೆಯುತ್ತೆ."

"ಅದು ಹಿಡಿಯೋಕಲ್ಲ."

ಅವಳು ಯಂತ್ರ ನಿಲ್ಲಿಸಿದಳು.

"ಯಾವತ್ತೂ ಹಿಡಿಯೋಕಲ್ಲ," ಅಂದೆ. "ಉಗ್ರಾಣದವನ ಮೇಲೆ ಕೂಗಾಡುವಾಗ ಕಡ್ಡಿ ತಾಗಿ ಆದ ನೆಗ್ಗು ಅದು. ನಿನಗೆ ಕೊಟ್ಟಿದ್ದು ಬಿಸಾಕೋ ಮಾಲು. ಆಮೇಲೆ ನೀನು ಕೇಳ್ತಾ ಹೋದೆ, ನಾನು ಒತ್ತುತ್ತಾ ಹೋದೆ."

"ಒಂಬತ್ತು ವರ್ಷ?"

"ಒಂಬತ್ತು ವರ್ಷ."

ವಿದ್ಯಾರ್ಥಿಗಳು ನನ್ನನ್ನು ಹಿಂದಿನಿಂದ ಉರಿಮಾಮ ಅನ್ನುತ್ತಾರೆ, ನನಗೆ ಗೊತ್ತಿದೆ. ಆವತ್ತು ಉರಿಯೆಲ್ಲ ಆರಿ ಬರೀ ಮಾಮ ಉಳಿದಿದ್ದ. ಆದರೆ ಹೇಳಲು ಶುರು ಮಾಡಿದ ಮೇಲೆ ಅರ್ಧಕ್ಕೆ ಬಿಡುವುದು ನನ್ನ ಅಭ್ಯಾಸವಲ್ಲ. ಒಬ್ಬ ವಿದ್ಯಾರ್ಥಿಯ ಕೈಯಿಂದ ಪೆನ್ನಿನ ಶಾಯಿಯ ಬಾಟಲಿ ಇಸಿದುಕೊಂಡೆ. ಹಳೆಯ ಗುಳಿಯ ಫ್ಲಾಸ್ಕು, ನನ್ನ ಹೊಸ ನುಣುಪು ಫ್ಲಾಸ್ಕು, ಎರಡಕ್ಕೂ ಒಂದೇ ಅಳತೆ ನೀರು ಹಾಕಿ, ಒಂದೇ ವೇಗದಲ್ಲಿ ತಿರುಗಿಸಿ, ಮೊದಲು ನುಣುಪಿಗೆ ಒಂದು ತೊಟ್ಟು ನೀಲಿ ಶಾಯಿ ಬಿಟ್ಟೆ. ಶಾಯಿ ನೂಲಿನ ಹಾಗೆ ಸುಳಿಯ ಸುತ್ತ ಸುತ್ತಿತು. ಒಂದು, ಎರಡು, ಮೂರು, ನಾಲ್ಕು ಎಣಿಸಿದೆ. ನೂಲು ಇನ್ನೂ ಕಾಣುತ್ತಿತ್ತು. ಗುಳಿಯದಕ್ಕೆ ಒಂದು ತೊಟ್ಟು ಬಿಟ್ಟೆ. ಒಂದು ಅನ್ನುವಷ್ಟರಲ್ಲಿ ನೀರೆಲ್ಲ ನೀಲಿ.

ನಾದಿನಿಯ ಮುಖ ನೋಡಬೇಕಿತ್ತು. ಬೆಂಕಿಯಲ್ಲಿಟ್ಟ ಗಾಜಿಗೆ ಒಂದು ಗಳಿಗೆ ಇರುತ್ತದೆ, ಗಟ್ಟಿ ಇದ್ದದ್ದು ಹೊಳೆಯಲು ಶುರುವಾಗುವ ಗಳಿಗೆ. ಹಾಗಿತ್ತು.

"ಮೂರು ಸೆಕೆಂಡಲ್ಲಿ ಕಣ ಹುಟ್ಟಿ ಮುಗಿಯುತ್ತೆ," ಅಂದಳು, ಯಾರಿಗೂ ಅಲ್ಲ ಅನ್ನುವ ಹಾಗೆ. "ಬೆರೆಯೋಕೇ ನಾಲ್ಕು ಸೆಕೆಂಡು ಬೇಕಾದ್ರೆ, ಮೊದಲು ತಾಗಿದ ಕಡೆ ಒಂದು ಗಾತ್ರ, ಆಮೇಲೆ ತಾಗಿದ ಕಡೆ ಇನ್ನೊಂದು ಗಾತ್ರ. ನೇರಳೆ ಬರದೆ ಇನ್ನೇನು ಬರುತ್ತೆ?"

ಕೈಗವಸಿನವರು ಪೆನ್ನಿಗೆ ಮುಚ್ಚಳ ಹಾಕಿದರು. ಬರೆದ ಎರಡು ಸಾಲನ್ನು ಹೊಡೆಯಲಿಲ್ಲ, ಹರಿಯಲಿಲ್ಲ; ಅದರ ಕೆಳಗೆ ಗೆರೆ ಎಳೆದರು. ನಂತರ ನನ್ನ ಕಡೆ ತಿರುಗಿ, ಬಹಳ ಗೌರವದಿಂದ, ನೀವು ನನ್ನ ಎದುರಿಗೇ ಒಂದು ನೆಗ್ಗಿದ ಫ್ಲಾಸ್ಕು ಮಾಡಿಕೊಡಬಲ್ಲಿರಾ ಅಂತ ಕೇಳಿದರು.

ಬಲ್ಲೆನಾ? ಒಂಬತ್ತು ವರ್ಷದಿಂದ ಇನ್ನೇನು ಮಾಡಿದ್ದೇನೆ?

ಅವರು ನೆಲಮಾಳಿಗೆಗೆ ಬಂದು ಸ್ಟೂಲಿನ ಮೇಲೆ ಕೂತರು. ಅದೇ ಕೊಳವೆಯ ಉಳಿದ ತುಂಡಿನಿಂದ ಬುರುಡೆ ಊದಿದೆ, ಕಡ್ಡಿಗೆ ಒತ್ತಿದೆ. ಬೈಯಲು ಎದುರಿಗೆ ಯಾರೂ ಇರಲಿಲ್ಲ, ಆದರೂ ಗುಳಿ ಸರಿಯಾಗಿಯೇ ಬಂತು. ಒಲೆಯಲ್ಲಿ ತಣಿಯುವ ತನಕ ಅವರು ಎದ್ದು ಹೋಗಲಿಲ್ಲ. ಬೆಂಕಿ ಯಾಕೆ ನೀಲಿ, ಗಾಜು ಯಾವಾಗ ಮಾತು ಕೇಳುತ್ತದೆ, ಯಾವಾಗ ಕೇಳುವುದಿಲ್ಲ ಅಂತ ಒಂದೊಂದೇ ಪ್ರಶ್ನೆ ಕೇಳಿದರು. ಮೂರನೇ ಪ್ರಶ್ನೆಗೆ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿದಿತ್ತು. ಹೊಸ ಗಾಜು, ಚಿನ್ನದ ಮುಖವನ್ನೇ ನೋಡದ ಗಾಜು, ಅದನ್ನು ಅವರೇ ಕೈಯಲ್ಲಿ ಹಿಡಿದು ಮೇಲೆ ತೆಗೆದುಕೊಂಡು ಹೋದರು, ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

ಮಧ್ಯಾಹ್ನ ಮೂರೂ ಕಾಲಿಗೆ ಅವರ ಕೈಯಲ್ಲಿ, ಅವರ ನೀರಿನಲ್ಲಿ, ಅವರ ಚಿನ್ನದಲ್ಲಿ, ಕೆಂಪು ಬಂತು. ಬಣ್ಣ ಅಳೆಯುವ ಯಂತ್ರಕ್ಕೆ ಹಾಕಿದರು. ನಾಲ್ಕು ವರ್ಷದ ಹಿಂದೆ ಅವಳು ಅಚ್ಚು ಮಾಡಿಸಿದ ಗೆರೆಯ ಮೇಲೆ ಯಂತ್ರ ಎಳೆದ ಈ ಗೆರೆ ಕೂತಿತು, ಹೆಬ್ಬೆರಳು ಗುಳಿಯಲ್ಲಿ ಕೂತ ಹಾಗೆ. ಮತ್ತೆ ಎರಡು ಸಲ ಮಾಡಿದರು. ಮೂರನೆಯದು ಮುಗಿದ ಮೇಲೆ ಕೈಗವಸು ತೆಗೆದು, ಬರಿಗೈಯಲ್ಲಿ ಫ್ಲಾಸ್ಕು ಹಿಡಿದು ನೋಡಿ, ಹಿಡಿಯಲೂ ಅನುಕೂಲವಾಗಿಯೇ ಇದೆ ಅಂದರು. ಆ ಮನುಷ್ಯನಿಗೂ ನಗು ಬರುತ್ತದೆ ಅಂತ ಆವತ್ತು ಗೊತ್ತಾಯಿತು.

ಅವರು ಹೊರಡಬೇಕಾದ ದಿನ ಹೊರಡಲಿಲ್ಲ. ಎಷ್ಟು ಆಳದ ಗುಳಿ ಬೇಕು ಅಂತ ಗೊತ್ತಾಗದೆ ಇದು ಅರ್ಧ ಉತ್ತರ ಅಂದಳು ನಾದಿನಿ. ಹೌದು ಅಂದರು ಅವರು. ಗುರುವಾರ ಪೂರ್ತಿ ನಾನು ಅವರಿಬ್ಬರಿಗೆ ಫ್ಲಾಸ್ಕು ಒತ್ತಿಕೊಟ್ಟೆ. ಮೂರು ಮಿಲಿಮೀಟರಿನ ಗುಳಿ ಸಾಲದು, ಬಣ್ಣ ಕೆಂಪಿಗೂ ನೇರಳೆಗೂ ನಡುವೆ ಎಲ್ಲೋ ನಿಲ್ಲುತ್ತದೆ. ಆರು ಮಿಲಿಮೀಟರಿಗೆ ಕೆಂಪು. ಒಂಬತ್ತಕ್ಕೂ ಕೆಂಪೇ, ಆದರೆ ಗಾಜು ತೆಳುವಾಗಿ ಬೇಗ ಒಡೆಯುತ್ತದೆ. ನನ್ನ ಹಳೆಯ ಫ್ಲಾಸ್ಕುಗಳ ಗುಳಿ ಅಳೆದು ನೋಡಿದಳು: ಒಂದೂ ಆರಕ್ಕಿಂತ ಕಮ್ಮಿಯಿಲ್ಲ, ಒಂದೂ ಏಳು ದಾಟಿಲ್ಲ. ಅಳತೆಪಟ್ಟಿ ಇಟ್ಟು ಮಾಡಿದ್ದಾ ಅಂತ ಕೇಳಿದಳು. ಅಳತೆಪಟ್ಟಿ ಯಾಕೆ, ಕೈ ಇದೆಯಲ್ಲ, ಅಂದೆ. ಅಷ್ಟು ಹೊತ್ತಿಗೆ ನನ್ನ ಎದೆ ಮತ್ತೆ ಸೆಟೆದುಕೊಂಡಿತ್ತು.

ಕೈಗವಸಿನವರು ಹೋಗುವ ಮುಂಚೆ ಆರು ಫ್ಲಾಸ್ಕು ಮಾಡಿಕೊಡಿ, ದೂರು ಬರೆದ ಎರಡು ಕಡೆಗೂ ಕೊಡುತ್ತೇನೆ ಅಂದರು. ನಾನು ಕೊಡಲಿಲ್ಲ. ನನ್ನ ಕೈಯಿಂದ ಹೋದರೆ ನನ್ನ ಫ್ಲಾಸ್ಕಿನಲ್ಲಿ ಮಾತ್ರ ಬರುತ್ತದೆ ಅಂತ ನಾಳೆ ಇನ್ನೊಬ್ಬ ಬರೆಯುತ್ತಾನೆ. ಅಳತೆ ಬರೆದುಕೊಟ್ಟೆ, ಚಿತ್ರ ಬರೆದುಕೊಟ್ಟೆ. ನಿಮ್ಮ ಊರಿನ ಗಾಜಿನವನ ಹತ್ತಿರ ಮಾಡಿಸಿ, ಅವನು ಮಾಡಿದ್ದರಲ್ಲಿ ಬಂದರೇ ಬಂದ ಹಾಗೆ, ಅಂದೆ. ನಾದಿನಿ ಪಕ್ಕದಲ್ಲೇ ನಿಂತಿದ್ದಳು. ಆಗ ಅವಳು ನೋಡಿದ ನೋಟಕ್ಕೆ ಒಂಬತ್ತು ವರ್ಷದ ಸುಳ್ಳಿನ ಲೆಕ್ಕ ಅರ್ಧವಾದರೂ ತೀರಿತು ಅಂದುಕೊಂಡಿದ್ದೇನೆ.

ಎರಡು ತಿಂಗಳಲ್ಲಿ ಎರಡು ಕಡೆಯಿಂದಲೂ ಪತ್ರ ಬಂತು. ಎರಡೂ ಕಡೆ ಕೆಂಪು.

ಪತ್ರಿಕೆಗೆ ಕಳಿಸುವ ತಿದ್ದುಪಡಿಯನ್ನು ಅವಳು ಒಂದು ಭಾನುವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ಓದಿ ಹೇಳಿದಳು. ಗುಳಿಯ ಆಳ, ಅಗಲ, ತಳದಿಂದ ಎಷ್ಟು ಎತ್ತರ. ಕೊನೆಯಲ್ಲಿ ಒಂದು ವಾಕ್ಯ: ಮೊದಲ ಗುಳಿ ಆಕಸ್ಮಿಕವಾಗಿ ಆದದ್ದು, ಅದನ್ನು ಗುರುತಿಸಿದವರು ಅದನ್ನು ಮಾಡಿದ ಗಾಜಿನ ಕೆಲಸಗಾರರೇ.

ಆಕಸ್ಮಿಕ ಅಲ್ಲ, ಸಿಟ್ಟಿನಿಂದ ಅಂತ ಬರಿ, ಸರಿಯಾಗಿರಲಿ, ಅಂದೆ.

"ಸಿಟ್ಟನ್ನ ಮಿಲಿಮೀಟರಲ್ಲಿ ಬರೆಯೋಕಾಗಲ್ಲ ಭಾವ. ಆಗಿದ್ರೆ ನಿಮ್ಮದಕ್ಕೆ ಕಾಗದ ಸಾಲ್ತಿರಲಿಲ್ಲ."

ನನ್ನ ಹೆಂಡತಿ ಆ ಸೊಟ್ಟ ಹೂಜಿಯಲ್ಲಿ ನಿಂಬೆರಸದ ನೀರು ತಂದಿಟ್ಟಳು. ಇದರಲ್ಲಿ ಸಕ್ಕರೆ ಬೇಗ ಕರಗುತ್ತದೆ, ಬೇರೆ ಪಾತ್ರೆಯಲ್ಲಿ ತಳದಲ್ಲೇ ಸುತ್ತುತ್ತದೆ ಅಂತ ನಾನು ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ, ಈ ಮನೆಯಲ್ಲಿ ಯಾರಿಗಾದರೂ ಕಿವಿ ಇದೆಯಾ, ಅಂದಳು. ನಾದಿನಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅವಳು ಎದ್ದು ಹೂಜಿ ತಿರುಗಿಸಿ, ಪರ್ಸಿನಿಂದ ಅಳತೆಪಟ್ಟಿ ತೆಗೆದು, ಗುಳಿಗೆ ಇಟ್ಟಳು. ಆರೂವರೆ.

ಸೋಮವಾರ ಕೆಲಸಕ್ಕೆ ಹೋದಾಗ, ಉಗ್ರಾಣದ ಗುಮಾಸ್ತನಿಗೆ ಎರಡು ಒಳ್ಳೆಯ ಮಾತು ಹೇಳಬೇಕು ಅಂದುಕೊಂಡಿದ್ದೆ. ಅವನು ಆವತ್ತು ಬಾಗಿಲಿಗೆ ಬರದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ, ನಿಜ ತಾನೇ? ಬಾಯಿಯಲ್ಲಿ ಮಾತು ಸಿದ್ಧವಾಗಿತ್ತು. ನಾನು ಬುರುಡೆ ಊದುತ್ತಿರುವಾಗ ಅವನು ಬಾಗಿಲಲ್ಲಿ ತಲೆ ಹಾಕಿ, ಸಿಲಿಂಡರು ಮುಂದಿನ ವಾರ ಅಂದ.

ಹೇಳಿದ್ದು ಬೇರೆ ಮಾತು. ಆದರೆ ಕೈಯಲ್ಲಿದ್ದ ಬಿಸಿ ಗಾಜನ್ನು ಮೊದಲು ಹುಷಾರಾಗಿ ಕೆಳಗಿಟ್ಟೆ.